ಕಂಪ್ಯೂಟರಿನ ಧ್ವನಿ ಕ್ಷೀಣವಾದಾಗ: ಮಿಕ್ಸರ್ ನಿಯಂತ್ರಣಗಳ ಪರಿಚಯ



ಕಾಫಿ ಮತ್ತು ಅಡಿಕೆ ತೋಟಗಳ ಬಗ್ಗೆ ತಜ್ಞರು ಕೊಡುವ ಸಲಹೆಯನ್ನು ಕೇಳಲು ಸಭಾಭವನಕ್ಕೇ ಹೋಗಬೇಕಾದ ಕಾಲ ಈಗಿಲ್ಲ. ಮನೆಯ ಕಂಪ್ಯೂಟರಿನ ಮುಂದೆ ಕುಳಿತೇ ಉಪನ್ಯಾಸ ಕೇಳಬಹುದು, ಪ್ರಶ್ನೆಯನ್ನೂ ಕೇಳಬಹುದು. ಆದರೆ ಈ ಅನುಕೂಲದ ಜೊತೆಗೇ ಒಂದು ತೊಡಕೂ ಬಂದಿದೆ. ‘ಚಿತ್ರ ಚೆನ್ನಾಗಿ ಕಾಣುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ’ ಎಂಬುದು ಸದಸ್ಯರಲ್ಲಿ ಸರ್ವೇಸಾಮಾನ್ಯವಾದ ದೂರು.

ಇದು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಒಂದು ಉದಾಹರಣೆ ನೋಡೋಣ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಾಫಿಯ ಎಲೆ ತುಕ್ಕು ರೋಗಕ್ಕಾದರೆ ಶೇಕಡಾ ಅರ್ಧ ಸಾಕು. ‘ಅರ್ಧ’ ಎಂಬ ಒಂದು ಮಾತು ಕಿವಿಗೆ ಬೀಳದೆ ಹೋದರೆ ಕಾಫಿಗೆ ಸುರಿಯುವ ಮೈಲುತುತ್ತ ಎರಡು ಪಟ್ಟಾಗುತ್ತದೆ. ಒಂದಕ್ಕೆ ಹೇಳಿದ್ದನ್ನು ಇನ್ನೊಂದಕ್ಕೆಂದು ಕೇಳಿಸಿಕೊಂಡರೆ ಅಡಿಕೆಗೆ ಹೊಡೆದ ಔಷಧಿ ಮಳೆಗಾಲದಲ್ಲಿ ಸಾಲದೆ ಬರುತ್ತದೆ. ಸರಿಯಾಗಿ ಕೇಳಿಸುವುದೂ ಕೃಷಿಯ ಒಂದು ಭಾಗವೇ ಆಗಿದೆ.

ಧ್ವನಿ ಕಡಿಮೆಯಾದೊಡನೆ ಕಂಪ್ಯೂಟರು ಕೆಟ್ಟಿತೆಂದು ರಿಪೇರಿಗೆ ಒಯ್ಯುವವರೂ ಹೊಸ ಸ್ಪೀಕರ್ ಕೊಳ್ಳುವವರೂ ಉಂಟು. ಬಹಳಷ್ಟು ಸಂದರ್ಭಗಳಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಎಲ್ಲೋ ಒಂದು ಕಡೆ ನಿಯಂತ್ರಣ ತಗ್ಗಿರುತ್ತದೆ, ಅಷ್ಟೇ. ಅದನ್ನು ತಾವೇ ಕಂಡುಹಿಡಿಯುವ ಕ್ರಮವನ್ನು ಈ ಪಾಠದಲ್ಲಿ ವಿವರಿಸುತ್ತೇವೆ.

೧. ಧ್ವನಿಯ ದಾರಿ

ತೋಟದ ನೀರಿನ ಲೈನನ್ನು ನೆನಪಿಗೆ ತಂದುಕೊಳ್ಳಿ. ಕೆರೆಯಿಂದ ಪಂಪು ನೀರೆತ್ತುತ್ತದೆ. ಪಂಪಿನ ಬಳಿ ಒಂದು ವಾಲ್ವು, ಮುಖ್ಯ ಪೈಪಿನಲ್ಲಿ ಒಂದು, ಪ್ರತಿ ಕವಲಿಗೆ ಒಂದೊಂದು. ಕೊನೆಯಲ್ಲಿ ಸ್ಪ್ರಿಂಕ್ಲರಿನ ಜೆಟ್ಟು. ಜೆಟ್ಟಿನಲ್ಲಿ ನೀರು ಸಣ್ಣಗೆ ಬರುತ್ತಿದ್ದರೆ ಅನುಭವಸ್ಥರಾದ ನಾವು ಮೊದಲಿಗೇ ಪಂಪು ಬದಲಿಸುವುದಿಲ್ಲ. ಲೈನಿನುದ್ದಕ್ಕೂ ನಡೆದು ಯಾವ ವಾಲ್ವು ಅರ್ಧ ಮುಚ್ಚಿದೆ ಎಂದು ನೋಡುತ್ತೇವೆ.

ಕಂಪ್ಯೂಟರಿನಲ್ಲಿ ಧ್ವನಿಯೂ ಹೀಗೆಯೇ ಹಲವು ವಾಲ್ವುಗಳನ್ನು ದಾಟಿ ಬರುತ್ತದೆ:

(ಅ) ಉಪನ್ಯಾಸವನ್ನು ತೋರಿಸುತ್ತಿರುವ ಕಾರ್ಯಕ್ರಮದೊಳಗಿನ ವಾಲ್ವು.
(ಆ) ಆ ಕಾರ್ಯಕ್ರಮಕ್ಕೆಂದು ಕಂಪ್ಯೂಟರು ತನ್ನ ಮಿಕ್ಸರಿನಲ್ಲಿ ಇಟ್ಟಿರುವ ವಾಲ್ವು.
(ಇ) ಇಡೀ ಕಂಪ್ಯೂಟರಿನ ಮುಖ್ಯ ವಾಲ್ವು. ಪರದೆಯ ಮೂಲೆಯಲ್ಲಿ ಸ್ಪೀಕರಿನ ಗುರುತು ಒತ್ತಿದಾಗ ಕಾಣುವುದು ಇದೇ.
(ಈ) ಧ್ವನಿಯ ಚಿಪ್ಪಿನೊಳಗಿನ ವಾಲ್ವುಗಳು. ಇವುಗಳನ್ನು ತಿರುಗಿಸುವುದು ಡ್ರೈವರ್.
(ಉ) ಹೊರಗಿನ ಸ್ಪೀಕರಿನ ತಿರುಗಣೆ, ಅಥವಾ ಹೆಡ್‌ಫೋನಿನ ವಯರಿನ ಮೇಲಿನ ಸಣ್ಣ ಚಕ್ರ.

ಇಲ್ಲಿ ಡ್ರೈವರ್ ಎಂದರೆ ಲಾರಿ ಓಡಿಸುವವನಲ್ಲ. ಮಾಲೀಕನ ಆದೇಶವನ್ನು ಬೇರೆ ಬೇರೆ ಭಾಷೆಯ ಕೆಲಸಗಾರರಿಗೆ ಅವರವರ ಮಾತಿನಲ್ಲಿ ತಿಳಿಸುವ ಮೇಸ್ತ್ರಿಯಿದ್ದಂತೆ, ಕಂಪ್ಯೂಟರಿನ ಆದೇಶವನ್ನು ಧ್ವನಿಯ ಚಿಪ್ಪಿಗೆ ಅರ್ಥವಾಗುವಂತೆ ತಿಳಿಸುವ ತಂತ್ರಾಂಶವೇ ಡ್ರೈವರ್. ಮಿಕ್ಸರ್ ಎಂದರೆ ಹಲವು ಕಡೆಯ ಧ್ವನಿಯನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುವ ವ್ಯವಸ್ಥೆ. ವಾಲ್ವುಗಳೆಲ್ಲ ಒಂದೇ ಹಲಗೆಯ ಮೇಲಿದ್ದಂತೆ.

ಇಷ್ಟೊಂದು ವಾಲ್ವುಗಳೇಕೆ ಎಂದು ಕೇಳಬಹುದು. ಇಂಟೆಲ್ ಕಂಪೆನಿ ಪ್ರಕಟಿಸಿದ ಎಸಿ-97 ಎಂಬ ಮಾದರಿಯ ಚಿಪ್ಪುಗಳಿಗೆ ಸಿ.ಡಿ., ಮೈಕು, ಹೊರಗಿನ ಲೈನು, ಕಂಪ್ಯೂಟರಿನ ಸ್ವಂತ ಧ್ವನಿ ಹೀಗೆ ನಾಲ್ಕಾರು ಕಡೆಯಿಂದ ಧ್ವನಿ ಬರುತ್ತಿತ್ತು. ಪ್ರತಿಯೊಂದಕ್ಕೂ ಪ್ರತ್ಯೇಕ ನಿಯಂತ್ರಣ ಅಗತ್ಯವಾಗಿತ್ತು. 2004ರಲ್ಲಿ ಬಂದ ಹೈ ಡೆಫಿನಿಷನ್ ಆಡಿಯೋ ಮಾದರಿ ಅದರ ಸ್ಥಾನವನ್ನು ಪಡೆಯಿತು. ಆದರೆ ಮಾಸ್ಟರ್, ಪಿಸಿಎಂ ಮೊದಲಾದ ಹಳೆಯ ಹೆಸರುಗಳು ಹಾಗೆಯೇ ಉಳಿದುಕೊಂಡು ಬಂದಿವೆ. ಪಿಸಿಎಂ ಎಂದರೆ ಕಂಪ್ಯೂಟರು ಅಂಕಿಗಳ ರೂಪದಲ್ಲಿ ಕೊಡುವ ಧ್ವನಿ ಎಂದು ತಿಳಿದರೆ ಸಾಕು.

೨. ಡೆಸಿಬಲ್ಲಿನ ಲೆಕ್ಕ

ಮಿಕ್ಸರಿನಲ್ಲಿ ಕೆಲವು ಕಡೆ ‘ಡಿಬಿ’ ಎಂಬ ಗುರುತು ಕಾಣುತ್ತದೆ. ಇದು ಡೆಸಿಬಲ್ಲಿನ ಸಂಕ್ಷೇಪ. 0 ಡೆಸಿಬಲ್ ಎಂದರೆ ಧ್ವನಿಯಿಲ್ಲ ಎಂದು ಅರ್ಥವಲ್ಲ. ಬಂದ ಧ್ವನಿಯನ್ನು ಹೆಚ್ಚಿಸದೆ, ತಗ್ಗಿಸದೆ ಹಾಗೆಯೇ ಮುಂದಕ್ಕೆ ಬಿಡುತ್ತಿದೆ ಎಂದು ಅರ್ಥ. ವಾಲ್ವು ಪೂರ್ತಿ ತೆರೆದಂತೆ. ಋಣ ಚಿಹ್ನೆಯಿದ್ದರೆ ತಗ್ಗಿಸುತ್ತಿದೆ, ಧನ ಚಿಹ್ನೆಯಿದ್ದರೆ ಉಬ್ಬಿಸುತ್ತಿದೆ.

ಋಣ 6 ಡೆಸಿಬಲ್ ಎಂದರೆ ಧ್ವನಿಯ ಅಲೆಯ ಎತ್ತರ ಸುಮಾರು ಅರ್ಧಕ್ಕೆ ಇಳಿಯಿತು. ಋಣ 20 ಎಂದರೆ ಹತ್ತನೆಯ ಒಂದು ಭಾಗ. ಈಗ ಮುಖ್ಯವಾದ ಅಂಶಕ್ಕೆ ಬರೋಣ. ಒಂದರ ಹಿಂದೊಂದು ಇರುವ ಎರಡು ವಾಲ್ವುಗಳು ತಲಾ ಋಣ 20ರಲ್ಲಿದ್ದರೆ ಉಳಿಯುವುದು ಹತ್ತನೆಯ ಒಂದು ಭಾಗದ ಹತ್ತನೆಯ ಒಂದು ಭಾಗ, ಅಂದರೆ ನೂರರಲ್ಲೊಂದು ಮಾತ್ರ. ಅಂಥವು ಮೂರಿದ್ದರೆ ಸಾವಿರದಲ್ಲೊಂದು. ಯಾವ ವಾಲ್ವೂ ಪೂರ್ತಿ ಮುಚ್ಚಿಲ್ಲ. ಆದರೂ ಧ್ವನಿ ಇರುವೆಯ ಪಿಸುಮಾತಿನಂತಾಗುತ್ತದೆ. ಪರದೆಯ ಮೂಲೆಯ ಮುಖ್ಯ ನಿಯಂತ್ರಣ 100ರಲ್ಲಿದ್ದರೂ ಕೇಳಿಸದಿರುವುದಕ್ಕೆ ಕಾರಣ ಇದೇ.

ಹಾಗಾದರೆ ಎಲ್ಲವನ್ನೂ ಗರಿಷ್ಠಕ್ಕೆ ಏರಿಸಿಬಿಟ್ಟರಾಯಿತಲ್ಲ ಎಂದರೆ ಅದೂ ಸರಿಯಲ್ಲ. ಸಾಮಾನ್ಯವಾದ 16 ಬಿಟ್ ಧ್ವನಿಯಲ್ಲಿ ಅಲೆಯನ್ನು ಅಳೆಯಲು 65,536 ಮೆಟ್ಟಿಲುಗಳಿವೆ. ಅದಕ್ಕಿಂತ ಮೇಲೆ ಜಾಗವಿಲ್ಲ. 0 ಡೆಸಿಬಲ್ ದಾಟಿಸಿ ಉಬ್ಬಿಸಿದಾಗ ಅಲೆಯ ತಲೆ ಮೇಲಿನ ಮೆಟ್ಟಿಲಿಗೆ ತಾಗಿ ಕತ್ತರಿಸಿಹೋಗುತ್ತದೆ. ದನಿ ಒಡೆದು ಗೊರಗೊರ ಎನ್ನುತ್ತದೆ. ಜೋರಾಗಿ ಕೇಳಿಸಿದರೂ ಮಾತು ತಿಳಿಯುವುದಿಲ್ಲ. ಇನ್ನೊಂದು ಕಡೆ, ಆರಂಭದಲ್ಲೇ ತೀರ ತಗ್ಗಿಸಿ ಕೊನೆಯಲ್ಲಿ ಉಬ್ಬಿಸಿದರೆ ಮಾತಿನ ಜೊತೆಗೆ ‘ಸುಂಯ್’ ಎಂಬ ಗದ್ದಲವೂ ಉಬ್ಬುತ್ತದೆ. ಆದುದರಿಂದ ಮೊದಲಿನ ವಾಲ್ವುಗಳನ್ನು 0 ಡೆಸಿಬಲ್ಲಿನ ಸಮೀಪ ಇಟ್ಟು, ಕಿವಿಗೆ ಹಿತವಾಗುವಷ್ಟು ಹೆಚ್ಚುಕಡಿಮೆ ಮಾಡುವುದನ್ನು ಕೊನೆಯ ತಿರುಗಣೆಯಲ್ಲಿ ಮಾಡುವುದು ಉತ್ತಮ ಪದ್ಧತಿ.

೩. ಮೊದಲು ಹೊರಗಿನ ಪರೀಕ್ಷೆ

ಕಂಪ್ಯೂಟರಿನ ಒಳಗೆ ಕೈಹಾಕುವ ಮೊದಲು ಹೊರಗಿನದನ್ನು ನೋಡಿಕೊಳ್ಳತಕ್ಕದ್ದು.

ಅದೇ ಸ್ಪೀಕರನ್ನೋ ಹೆಡ್‌ಫೋನನ್ನೋ ಮೊಬೈಲಿಗೆ ಅಥವಾ ರೇಡಿಯೋಗೆ ಸಿಕ್ಕಿಸಿ ನೋಡಿ. ಅಲ್ಲಿಯೂ ದನಿ ಕಡಿಮೆಯಿದ್ದರೆ ದೋಷ ಸ್ಪೀಕರಿನಲ್ಲಿದೆ, ಕಂಪ್ಯೂಟರಿನಲ್ಲಲ್ಲ. ಅಲ್ಲಿ ಚೆನ್ನಾಗಿದ್ದರೆ ಮುಂದುವರಿಯಿರಿ.

ಮೇಜಿನ ಕಂಪ್ಯೂಟರಿನ ಹಿಂಭಾಗದಲ್ಲಿ ಸಾಮಾನ್ಯವಾಗಿ ಮೂರು ಬಣ್ಣದ ತೂತುಗಳಿರುತ್ತವೆ. ತಿಳಿಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನ ಧ್ವನಿಯನ್ನು ಒಳಗೆ ತರಲು. ಸ್ಪೀಕರ್ ತಪ್ಪು ತೂತಿನಲ್ಲಿದ್ದರೆ ಒಳಗಿನ ಯಾವ ವಾಲ್ವು ತಿರುಗಿಸಿಯೂ ಪ್ರಯೋಜನವಿಲ್ಲ.

ಪಿನ್ನು ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಅರ್ಧ ಸಿಕ್ಕಿಸಿದ ಪಿನ್ನಿಗೆ ಒಂದು ವಿಚಿತ್ರ ಲಕ್ಷಣವಿದೆ: ಹಾಡಿನ ವಾದ್ಯಗಳು ಕೇಳಿಸುತ್ತವೆ, ಹಾಡುವವರ ದನಿ ಮಾಯವಾಗಿರುತ್ತದೆ. ಎಡಕ್ಕೂ ಬಲಕ್ಕೂ ಸೇರಿದ ಅರ್ಥ್ ಸಂಪರ್ಕ ತಪ್ಪಿದಾಗ ಎರಡೂ ಕಡೆ ಸಮನಾಗಿರುವ ಧ್ವನಿ ಒಂದನ್ನೊಂದು ವಜಾ ಮಾಡಿಕೊಳ್ಳುತ್ತದೆ. ಮಾತು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿರುವುದರಿಂದ ಅದೇ ಅಳಿಸಿಹೋಗುತ್ತದೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ಪಿನ್ನಿನ ಮೇಲೆ ಕಿಲುಬು ಕಟ್ಟುವುದೂ ಉಂಟು. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ ಮತ್ತೆ ಒತ್ತಿ ಸಿಕ್ಕಿಸಿ.

ಬಳಿಕ ಬೇರೆ ಯಾವುದಾದರೂ ಹಾಡನ್ನೋ ಭಾಷಣವನ್ನೋ ಹಾಕಿ ನೋಡಿ. ಅದು ಚೆನ್ನಾಗಿ ಕೇಳಿಸಿ ಉಪನ್ಯಾಸ ಮಾತ್ರ ಸಣ್ಣಗಿದ್ದರೆ ತೊಂದರೆ (ಅ) ಅಥವಾ (ಆ)ದಲ್ಲಿದೆ. ಅಥವಾ ಭಾಷಣಕಾರರ ಮೈಕಿನಲ್ಲೇ ಇದೆ. ಎಲ್ಲವೂ ಸಣ್ಣಗಿದ್ದರೆ (ಇ) ಅಥವಾ (ಈ)ಯನ್ನು ಹುಡುಕಬೇಕು. ಈ ಒಂದು ಪರೀಕ್ಷೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

೪. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ

ಮೊದಲನೆಯದಾಗಿ, ಪರದೆಯ ಮೂಲೆಯ ಸ್ಪೀಕರಿನ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ವಾಲ್ಯೂಮ್ ಮಿಕ್ಸರ್’ ತೆರೆಯಿರಿ. ಪ್ರತಿ ಕಾರ್ಯಕ್ರಮಕ್ಕೂ ಬೇರೆ ಬೇರೆ ಪಟ್ಟಿ ಕಾಣುತ್ತದೆ. ಉಪನ್ಯಾಸದ ಕಾರ್ಯಕ್ರಮದ ಪಟ್ಟಿ ತಗ್ಗಿದ್ದರೆ ಏರಿಸಿ. ಆ ಕಾರ್ಯಕ್ರಮ ಓಡುತ್ತಿರುವಾಗಲೇ ನೋಡಬೇಕು. ಮುಚ್ಚಿದ್ದರೆ ಅದರ ಪಟ್ಟಿ ಅಲ್ಲಿ ಕಾಣದಿರಬಹುದು.

ಎರಡನೆಯದಾಗಿ, ಧ್ವನಿ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ. ಟಿ.ವಿ.ಗೆ ಎಚ್‌ಡಿಎಂಐ ವಯರು ಸಿಕ್ಕಿಸಿದ್ದರೆ ಧ್ವನಿ ಅಲ್ಲಿಗೆ ಹರಿದು ಇಲ್ಲಿ ಒಣಗಿರಬಹುದು. ನೀರು ಬೇರೆ ಕವಲಿಗೆ ತಿರುಗಿದಂತೆ. ಸ್ಪೀಕರಿನ ಹೆಸರನ್ನು ಆರಿಸಿದರೆ ಸರಿಹೋಗುತ್ತದೆ.

ಮೂರನೆಯದು ಬಹಳ ಜನರಿಗೆ ತಿಳಿಯದ ಅಂಶ. 2009ರಲ್ಲಿ ಬಂದ ವಿಂಡೋಸ್ 7ರಿಂದ ಈಚೆಗೆ ಒಂದು ಏರ್ಪಾಡಿದೆ. ಕರೆ ಅಥವಾ ಸಭೆ ನಡೆಯುತ್ತಿದೆಯೆಂದು ಕಂಡರೆ ಕಂಪ್ಯೂಟರು ಉಳಿದೆಲ್ಲ ಧ್ವನಿಗಳನ್ನು ತಾನಾಗಿಯೇ ಶೇಕಡಾ 80ರಷ್ಟು ತಗ್ಗಿಸುತ್ತದೆ. ಸಭೆಯ ನಡುವೆ ಒಂದು ಚಲನಚಿತ್ರವನ್ನು ತೋರಿಸಲು ಹೊರಟರೆ ಅದು ಸಣ್ಣಗಾಗುವುದು ಇದರಿಂದಲೇ. ಇದನ್ನು ನಿಲ್ಲಿಸಲು ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ. ಬರುವ ಚೌಕದಲ್ಲಿ ಎಂ, ಎಂ, ಎಸ್, ವೈ, ಎಸ್, ಚುಕ್ಕೆ, ಸಿ, ಪಿ, ಎಲ್ ಎಂಬ ಅಕ್ಷರಗಳನ್ನು ಎಡೆಬಿಡದೆ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ‘ಸೌಂಡ್’ ಎಂಬ ಕಿಟಕಿ ಬರುತ್ತದೆ. ಅದರ ‘ಕಮ್ಯುನಿಕೇಷನ್ಸ್’ ಪುಟದಲ್ಲಿ ‘ಡು ನಥಿಂಗ್’ ಎಂಬುದನ್ನು ಗುರುತು ಮಾಡಿ ‘ಓಕೆ’ ಒತ್ತಿ.

ನಾಲ್ಕನೆಯದಾಗಿ, ಅದೇ ಕಿಟಕಿಯ ‘ಪ್ಲೇಬ್ಯಾಕ್’ ಪುಟದಲ್ಲಿ ಸ್ಪೀಕರಿನ ಹೆಸರನ್ನು ಎರಡು ಬಾರಿ ಒತ್ತಿ ‘ಲೆವೆಲ್ಸ್’ಗೆ ಹೋಗಿ. ಅಲ್ಲಿ ‘ಬ್ಯಾಲೆನ್ಸ್’ ಒತ್ತಿದರೆ ಎಡ ಬಲದ ಪ್ರಮಾಣ ಕಾಣುತ್ತದೆ. ಒಂದು 100, ಇನ್ನೊಂದು 10 ಇದ್ದರೆ ಒಂದು ಕಿವಿಗೆ ಮಾತ್ರ ಸರಿಯಾಗಿ ಕೇಳಿಸುತ್ತದೆ. ಎರಡನ್ನೂ ಸಮ ಮಾಡಿ.

ಕೆಲವು ಡ್ರೈವರುಗಳಲ್ಲಿ ‘ಎನ್‌ಹಾನ್ಸ್‌ಮೆಂಟ್ಸ್’ ಎಂಬ ಪುಟವಿದ್ದು ಅದರಲ್ಲಿ ‘ಲೌಡ್‌ನೆಸ್ ಈಕ್ವಲೈಸೇಷನ್’ ಇರುತ್ತದೆ. ಇದು ಸಣ್ಣ ದನಿಯನ್ನು ಎತ್ತಿ, ಜೋರು ದನಿಯನ್ನು ತಗ್ಗಿಸಿ ಸಮ ಮಾಡುತ್ತದೆ. ಒಬ್ಬರು ಜೋರಾಗಿ, ಇನ್ನೊಬ್ಬರು ಮೆಲ್ಲಗೆ ಮಾತಾಡುವ ಚರ್ಚೆಗಳಿಗೆ, ವಯಸ್ಸಾದವರಿಗೆ ಇದು ಉಪಯುಕ್ತ.

೫. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರವನ್ನು ಎಸೆಯದೆ ಅದಕ್ಕೆ ಉಚಿತವಾದ ಲಿನಕ್ಸ್ ಹಾಕಿಸಿಕೊಳ್ಳುವುದು ಮಿತವ್ಯಯದ ದಾರಿ. ಅಂಥವರಿಗಾಗಿ ಈ ಭಾಗ.

ಲಿನಕ್ಸಿನಲ್ಲಿ ಧ್ವನಿಯ ಡ್ರೈವರುಗಳ ವ್ಯವಸ್ಥೆಗೆ ‘ಅಲ್ಸಾ’ ಎಂದು ಹೆಸರು. 1998ರಲ್ಲಿ ಯಾರೊಸ್ಲಾವ್ ಕೈಸೆಲಾ ಎಂಬವರು ಇದನ್ನು ಆರಂಭಿಸಿದರು. ಇದರ ಮೇಲೆ ಪಲ್ಸ್‌ಆಡಿಯೋ, ಹೊಸ ಆವೃತ್ತಿಗಳಲ್ಲಿ ಪೈಪ್‌ವೈರ್ ಎಂಬ ಇನ್ನೊಂದು ಪದರ ಕುಳಿತಿರುತ್ತದೆ. ಪರದೆಯಲ್ಲಿ ಸಾಮಾನ್ಯವಾಗಿ ಕಾಣುವುದು ಮೇಲಿನ ಪದರದ ವಾಲ್ವು ಮಾತ್ರ. ಕೆಳಗಿನ ಅಲ್ಸಾದ ವಾಲ್ವುಗಳನ್ನು ನೋಡಲು ಬೇರೆ ಬಾಗಿಲಿನಿಂದ ಹೋಗಬೇಕು.

ಟರ್ಮಿನಲ್ ತೆರೆದು ಎ, ಎಲ್, ಎಸ್, ಎ, ಎಂ, ಐ, ಎಕ್ಸ್, ಇ, ಆರ್ ಎಂಬ ಒಂಬತ್ತು ಇಂಗ್ಲಿಷ್ ಅಕ್ಷರಗಳನ್ನು ಒಟ್ಟಿಗೆ ಬರೆದು ಎಂಟರ್ ಒತ್ತಿ. ‘ಅಲ್ಸಾಮಿಕ್ಸರ್’ ತೆರೆಯುತ್ತದೆ. ಒಂದೋ ಎರಡೋ ಪಟ್ಟಿ ಮಾತ್ರ ಕಂಡರೆ ನೀವಿನ್ನೂ ಮೇಲಿನ ಪದರದಲ್ಲೇ ಇದ್ದೀರಿ. ಎಫ್6 ಒತ್ತಿ ನಿಜವಾದ ಧ್ವನಿ ಚಿಪ್ಪಿನ ಹೆಸರನ್ನು ಆರಿಸಿ. ಆಗ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್, ಪಿಸಿಎಂ ಮುಂತಾಗಿ ಪಟ್ಟಿಗಳು ಸಾಲಾಗಿ ಕಾಣುತ್ತವೆ. ಹೆಸರುಗಳೂ ಸಂಖ್ಯೆಯೂ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತವೆ.

ಎಡ ಬಲ ಬಾಣದ ಕೀಲಿಯಿಂದ ಪಟ್ಟಿಯಿಂದ ಪಟ್ಟಿಗೆ ಸಾಗಿ; ಮೇಲೆ ಕೆಳಗಿನ ಬಾಣದಿಂದ ಏರಿಸಿ ಇಳಿಸಿ. ಆರಿಸಿದ ಪಟ್ಟಿಯ ಡೆಸಿಬಲ್ ಎಷ್ಟೆಂದು ಮೇಲ್ಭಾಗದಲ್ಲಿ ಬರೆದಿರುತ್ತದೆ. ಪಟ್ಟಿಯ ಬುಡದ ಚೌಕದಲ್ಲಿ ಎರಡು ಎಂ ಅಕ್ಷರಗಳಿದ್ದರೆ ಆ ವಾಲ್ವು ಪೂರ್ತಿ ಮುಚ್ಚಿದೆ ಎಂದರ್ಥ. ಪಟ್ಟಿ ಎಷ್ಟೇ ಎತ್ತರವಿರಲಿ ಧ್ವನಿ ಬಾರದು. ಎಂ ಕೀಲಿ ಒತ್ತಿದರೆ ಅದು ಎರಡು ಓ ಅಕ್ಷರಗಳಾಗಿ ವಾಲ್ವು ತೆರೆಯುತ್ತದೆ. ಎಡ ಬಲ ಅಸಮವಾಗಿದ್ದರೆ ಬಿ ಕೀಲಿ ಒತ್ತಿ, ಎರಡೂ ಸಮವಾಗುತ್ತವೆ. ‘ಆಟೋ-ಮ್ಯೂಟ್ ಮೋಡ್’ ಎಂಬುದು ಇದ್ದರೆ ಅದನ್ನೂ ಗಮನಿಸಿ. ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರನ್ನು ಮುಚ್ಚುವುದು ಅದರ ಕೆಲಸ. ತೂತಿನೊಳಗೆ ಧೂಳು, ತೇವ ಸೇರಿ ಹೆಡ್‌ಫೋನ್ ಇದೆಯೆಂದೇ ಯಂತ್ರ ತಪ್ಪು ತಿಳಿದರೆ ಸ್ಪೀಕರ್ ಮೂಕವಾಗುತ್ತದೆ. ಆಗ ಅದನ್ನು ‘ಡಿಸೇಬಲ್ಡ್’ ಮಾಡಿ ಪರೀಕ್ಷಿಸಬಹುದು. ಕೆಲಸ ಮುಗಿದ ಮೇಲೆ ಎಸ್ಕೇಪ್ ಕೀಲಿ ಒತ್ತಿ ಹೊರಬನ್ನಿ.

ಒಂದು ಎಚ್ಚರಿಕೆ: ಈ ಮಟ್ಟಗಳನ್ನು ಸಾಮಾನ್ಯವಾಗಿ ಕಂಪ್ಯೂಟರು ಕ್ರಮವಾಗಿ ಮುಚ್ಚುವಾಗ ಬರೆದಿಟ್ಟುಕೊಳ್ಳುತ್ತದೆ. ಕರೆಂಟು ಹಠಾತ್ತನೆ ಹೋದರೆ ಬರೆದಿಡಲು ಅವಕಾಶವಾಗದೆ ಹಳೆಯ ಮಟ್ಟವೇ ಮರಳಿ ಬರಬಹುದು. ‘ಸುಡೋ’, ‘ಅಲ್ಸಾಸಿಟಿಎಲ್’, ‘ಸ್ಟೋರ್’ ಎಂಬ ಮೂರು ಪದಗಳ ಆದೇಶವನ್ನು ಟರ್ಮಿನಲ್ಲಿನಲ್ಲಿ ಕೊಟ್ಟರೆ ಆಗಿಂದಾಗಲೇ ದಾಖಲಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವುದು ತಿಳಿಯದಿದ್ದರೆ ಮನೆಯ ಮಕ್ಕಳ ಸಹಾಯ ಪಡೆಯಿರಿ.

೬. ನಮ್ಮ ಮಾತು ಅವರಿಗೆ ಕೇಳಿಸದಿದ್ದರೆ

ಪ್ರಶ್ನೆ ಕೇಳಿದಾಗ ‘ನಿಮ್ಮ ದನಿ ಕೇಳಿಸುತ್ತಿಲ್ಲ’ ಎಂದು ಉತ್ತರ ಬಂದರೆ ನೋಡಬೇಕಾದುದು ಒಳಬರುವ ಲೈನನ್ನು. ವಿಂಡೋಸಿನಲ್ಲಿ ಮೇಲೆ ಹೇಳಿದ ‘ಸೌಂಡ್’ ಕಿಟಕಿಯ ‘ರೆಕಾರ್ಡಿಂಗ್’ ಪುಟದಲ್ಲಿ ಮೈಕಿನ ‘ಲೆವೆಲ್ಸ್’ ನೋಡಿ. ಅಲ್ಲಿ ‘ಮೈಕ್ರೋಫೋನ್ ಬೂಸ್ಟ್’ ಇದ್ದರೆ ಅದು ಸಾಮಾನ್ಯವಾಗಿ 10 ಡೆಸಿಬಲ್ಲಿನ ಮೆಟ್ಟಿಲುಗಳಲ್ಲಿ ಏರುತ್ತದೆ. ಒಂದು ಮೆಟ್ಟಿಲು ಏರಿಸಿ, ಮಾತಾಡಿ, ಕೇಳಿ ನೋಡಿ. ಸಾಲದಿದ್ದರೆ ಮಾತ್ರ ಮುಂದಿನದು. ಅಲ್ಸಾಮಿಕ್ಸರಿನಲ್ಲಿ ಎಫ್4 ಒತ್ತಿದರೆ ಒಳಬರುವ ವಾಲ್ವುಗಳು ಕಾಣುತ್ತವೆ. ‘ಕ್ಯಾಪ್ಚರ್’ ಪಟ್ಟಿಯ ಮೇಲೆ ನಿಂತು ಸ್ಪೇಸ್ ಕೀಲಿ ಒತ್ತಿದರೆ ಅದು ತೆರೆಯುತ್ತದೆ.

ಬೂಸ್ಟ್ ಹೆಚ್ಚಾದಷ್ಟೂ ಫ್ಯಾನಿನ ಸದ್ದು, ಮಳೆಯ ಸದ್ದು, ಅಂಗಳದ ನಾಯಿಯ ಬೊಗಳುವಿಕೆ ಎಲ್ಲವೂ ಎದ್ದು ಬರುತ್ತವೆ. ಮೈಕನ್ನು ಬಾಯಿಗೆ ಒಂದು ಗೇಣು ಹತ್ತಿರ ತರುವುದು ಬೂಸ್ಟಿಗಿಂತ ಒಳ್ಳೆಯ ಉಪಾಯ.

೭. ಡ್ರೈವರನ್ನು ಬದಲಿಸುವುದು ಕೊನೆಯ ಕ್ರಮ

ಮೇಲಿನ ಎಲ್ಲವನ್ನೂ ನೋಡಿಯೂ ಫಲ ಸಿಗದಿದ್ದರೆ ಮಾತ್ರ ಡ್ರೈವರಿನ ಕಡೆ ತಿರುಗಿ. ಕಂಪ್ಯೂಟರಿನ ಪರಿಷ್ಕರಣೆ ಆದ ಮರುದಿನದಿಂದಲೇ ದನಿ ತಗ್ಗಿದ್ದರೆ ಡ್ರೈವರ್ ಬದಲಾಗಿರುವ ಸಂಭವವಿದೆ. ವಿಂಡೋಸಿನ ‘ಡಿವೈಸ್ ಮ್ಯಾನೇಜರ್’ನಲ್ಲಿ ಧ್ವನಿಯ ಸಾಧನವನ್ನು ತೆರೆದು ‘ಡ್ರೈವರ್’ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಲು ಬರುವಂತಿದ್ದರೆ ಹಿಂದಿನದಕ್ಕೆ ಮರಳಬಹುದು. ಹೊಸದು ಬೇಕಿದ್ದರೆ ಕಂಪ್ಯೂಟರ್ ತಯಾರಿಸಿದ ಕಂಪೆನಿಯಿಂದಲೇ ಪಡೆಯಿರಿ. ‘ದನಿ ಹತ್ತು ಪಟ್ಟು ಮಾಡುತ್ತೇವೆ’ ಎಂದು ಜಾಹೀರಾತು ಮಾಡುವ ಅಪರಿಚಿತ ತಂತ್ರಾಂಶಗಳನ್ನು ಹಾಕಿಕೊಳ್ಳಬೇಡಿ. ಬ್ಯಾಂಕಿನ ವ್ಯವಹಾರವೂ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ ಎಂಬುದನ್ನು ಮರೆಯಬಾರದು.

೮. ಪಾಲಿಸಬೇಕಾದ ಮೂರು ನಿಯಮಗಳು

ಒಂದು, ಬದಲಿಸುವ ಮೊದಲು ಇದ್ದ ಮಟ್ಟವನ್ನು ಚೀಟಿಯಲ್ಲಿ ಬರೆದಿಡಿ. ಎರಡು, ಒಂದು ಸಲಕ್ಕೆ ಒಂದೇ ವಾಲ್ವು ತಿರುಗಿಸಿ, ಕೇಳಿ, ಆಮೇಲೆ ಮುಂದಿನದಕ್ಕೆ ಹೋಗಿ. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ. ಮತ್ತೆ ಕೆಟ್ಟಾಗ ಮೊದಲಿನಿಂದ ಹುಡುಕಬೇಕು. ಮೂರು, ಹುಡುಕುವಾಗ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡಿರಬೇಡಿ. ಮುಚ್ಚಿದ್ದ ವಾಲ್ವು ತಟ್ಟನೆ ತೆರೆದಾಗ ಬರುವ ಅಬ್ಬರ ಕಿವಿಗೆ ಅಪಾಯಕರ.

ಎಲ್ಲವನ್ನೂ ಕ್ರಮವಾಗಿ ನೋಡಿದ ಮೇಲೂ ದನಿ ಬಾರದಿದ್ದರೆ ಆಗ ರಿಪೇರಿಯವರ ಬಳಿಗೆ ಹೋಗಿ. ಬರೆದಿಟ್ಟ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಏನೇನು ನೋಡಿಯಾಗಿದೆ ಎಂದು ತಿಳಿದರೆ ಅವರ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ.

ಮುಂದಿನ ಉಪನ್ಯಾಸದ ದಿನ ಆರಂಭಕ್ಕೆ ಕಾಲು ಗಂಟೆ ಮೊದಲೇ ಕುಳಿತು ಈ ಲೈನನ್ನು ಒಮ್ಮೆ ನಡೆದು ನೋಡಿ. ಔಷಧಿಯ ಪ್ರಮಾಣವಂತೂ ಎಷ್ಟೇ ಸ್ಪಷ್ಟವಾಗಿ ಕೇಳಿಸಲಿ, ಒಮ್ಮೆ ತಿರುಗಿ ಕೇಳಿ ಬರೆದುಕೊಳ್ಳಿ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಹಾಡು ಚೆನ್ನಾಗಿ ಕೇಳಿಸುತ್ತದೆ, ಉಪನ್ಯಾಸ ಮಾತ್ರ ಸಣ್ಣಗಿದೆ. ಯಾವ ವಾಲ್ವುಗಳನ್ನು ನೋಡುವಿರಿ?
೨. ಎರಡು ವಾಲ್ವುಗಳು ತಲಾ ಋಣ 6 ಡೆಸಿಬಲ್ಲಿನಲ್ಲಿವೆ. ಅಲೆಯ ಎತ್ತರ ಮೂಲದ ಎಷ್ಟನೆಯ ಭಾಗ ಉಳಿಯುತ್ತದೆ?
೩. ವಾದ್ಯ ಕೇಳಿಸಿ ಹಾಡುವ ದನಿ ಕೇಳಿಸದಿದ್ದರೆ ಮೊದಲು ಏನನ್ನು ಪರೀಕ್ಷಿಸಬೇಕು?
೪. ಪಟ್ಟಿ ತುದಿಯವರೆಗೆ ಏರಿದೆ, ಬುಡದಲ್ಲಿ ಎರಡು ಎಂ ಅಕ್ಷರಗಳಿವೆ. ಧ್ವನಿ ಬರುವುದೇ?

ಉತ್ತರಗಳು: ೧. (ಅ) ಮತ್ತು (ಆ). ೨. ಸುಮಾರು ಕಾಲು ಭಾಗ. ೩. ಪಿನ್ನು ಪೂರ್ತಿ ಒಳಗೆ ಹೋಗಿದೆಯೇ ಎಂದು. ೪. ಇಲ್ಲ, ಎಂ ಕೀಲಿ ಒತ್ತಿ ತೆರೆಯಬೇಕು.